ನಾಯಿಯ ಪಾಪ ಯಾರಿಗೆ?

ಆತಕೂರಿನ ಶಾಸನವನ್ನು ಕನ್ನಡ ಐಚ್ಛಿಕ ವಿದ್ಯಾರ್ಥಿಗಳು ಸಾಮಾನ್ಯವಾಗಿ ಓದುವುದು ತಕ್ಕೋಲದ ಯುದ್ಧಕ್ಕಾಗಿ. ರಾಷ್ಟ್ರಕೂಟರ ಮುಮ್ಮಡಿ ಕೃಷ್ಣ, ಗಂಗರ ಇಮ್ಮಡಿ ಬೂತುಗ, ರಣದಲ್ಲಿ ಮಡಿದ ಚೋಳ ರಾಜಾದಿತ್ಯ, ಕ್ರಿ.ಶ. 949-50ರ ಕಾಲ, ಹಳಗನ್ನಡದ ಗದ್ಯರೂಪ, ಹೀಗೆ ಪರೀಕ್ಷೆಗೆ ಬೇಕಾದುದೆಲ್ಲ ಅಲ್ಲಿದೆ. ಆದರೆ ಆ ಕಲ್ಲನ್ನು ನೆಟ್ಟದ್ದು ಒಂದು ನಾಯಿಗಾಗಿ. ಯುದ್ಧದಲ್ಲಿ ಮಣಲೆರನೆಂಬ ವೀರ ತೋರಿದ ಪರಾಕ್ರಮವನ್ನು ಮೆಚ್ಚಿ ಬೂತುಗನು ಬೇಕಾದುದನ್ನು ಕೇಳೆಂದಾಗ ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಬೆಳತೂರಿನ ಗುಡ್ಡದಲ್ಲಿ ಕಾಳಿಯನ್ನು ದೊಡ್ಡದೊಂದು ಹಂದಿಯ ಮೇಲೆ ಬಿಟ್ಟಾಗ ಎರಡೂ ಹೋರಾಡಿ ಸತ್ತವು. ಆತಕೂರಿನ ಚಲ್ಲೇಶ್ವರ ದೇಗುಲದ ಮುಂದೆ ಕಾಳಿಯ ನೆನಪಿಗೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆಂದು ಭೂಮಿ ಬಿಡಲಾಯಿತು. ಮಂಡ್ಯ ಜಿಲ್ಲೆಯ ಮದ್ದೂರು ತಾಲೂಕಿನ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಅದರ ಮೇಲ್ಭಾಗದಲ್ಲಿ ಕಡೆದಿರುವುದು ನಾಯಿ ಹಂದಿಗಳ ಕಾಳಗ.

ಶಾಸನದ ಕೊನೆಯ ಶಾಪಾಶಯ ತರಗತಿಯಲ್ಲಿ ಬೇಗ ದಾಟಿಹೋಗುವ ಭಾಗ. ಬಿಟ್ಟ ಭೂಮಿಯನ್ನು ಕೆಡಿಸಿದವನು, ಅವನು ಒಕ್ಕಲಾಗಿರಲಿ ನಾಡನ್ನಾಳುವವನಾಗಿರಲಿ ಊರನ್ನಾಳುವವನಾಗಿರಲಿ, ಆ ನಾಯಿ ಮಾಡಿದ ಪಾಪಕ್ಕೆ ಗುರಿಯಾಗುತ್ತಾನೆ. ಕಲ್ಲನ್ನು ಪೂಜಿಸದೆ ಊಟಕ್ಕೆ ಕುಳಿತ ಗೊರವನಿಗೂ ಅದೇ ಪಾಪ. ಗೋಹತ್ಯೆಯ ಪಾಪ, ಕಾಶಿಯಲ್ಲಿ ಬ್ರಾಹ್ಮಣನನ್ನು ಕೊಂದ ಪಾಪ ಎಂದು ಹೆದರಿಸುವ ಶಾಸನಗಳು ನೂರಾರು. ನಾಯಿಯ ಪಾಪವನ್ನು ಮನುಷ್ಯನ ತಲೆಗೆ ಕಟ್ಟುವ ಈ ಮಾತು ಅವುಗಳ ನಡುವೆ ವಿಶಿಷ್ಟವಾದದ್ದು. ಹತ್ತನೆಯ ಶತಮಾನದ ಶಾಪಾಶಯವನ್ನು ಇಂದಿನ ಕಾನೂನಿನ ಕಲಮಿಗೆ ಸಮನೆಂದು ಹೇಳುವುದು ಅತಿಯಾದೀತು. ಆದರೂ ನಾಯಿ ಎಸಗಿದ್ದರ ಭಾರವನ್ನು ಮನುಷ್ಯನೊಬ್ಬ ಹೊರಬೇಕಾದೀತು ಎಂಬ ಕಲ್ಪನೆ ಕನ್ನಡದಲ್ಲಿ ಸಾವಿರ ವರ್ಷದ ಹಿಂದೆಯೇ ಕಲ್ಲಿನ ಮೇಲೆ ಮೂಡಿತ್ತು. ಆ ಭಾರವನ್ನು ಹೊರದೆ ನಾಯಿಯನ್ನು ಮಾತ್ರ ಹೊಂದಬಯಸುವ ಹೊಸ ರೂಢಿಯೇ ಇಂದು ಬೀದಿಯಲ್ಲಿಯೂ ನ್ಯಾಯಾಲಯದಲ್ಲಿಯೂ ಕಾಣುವ ಗೊಂದಲದ ಮೂಲ.

ಗೊರವ ಎಂಬ ಪದದಿಂದ ಗಡಿನಾಡಿಗೆ ಬರುವುದು ಸುಲಭ. ಸಾಂಗಲಿ ಜಿಲ್ಲೆಯ ಮಿರಜ ತಾಲೂಕಿನ ಖಂಡೇರಾಜುರಿಯ ಹೆಸರು ಕಿವಿಗೆ ಬಿದ್ದೊಡನೆ ಖಂಡೇರಾಯ ನೆನಪಾಗುತ್ತಾನೆ. ಮರಾಠಿಗರಿಗೆ ಅವನು ಖಂಡೋಬಾ, ಕನ್ನಡಿಗರಿಗೆ ಮೈಲಾರಲಿಂಗ. ಕುದುರೆಯೇರಿದ ಆ ದೇವರ ಪಟದಲ್ಲಿ ಪಕ್ಕದಲ್ಲೊಂದು ನಾಯಿ ಇದ್ದೇ ಇರುತ್ತದೆ. ಆತನ ಭಕ್ತರು ಆಚೆಗೆ ವಾಘ್ಯಾ, ಈಚೆಗೆ ವಗ್ಗಯ್ಯ, ಗೊರವಯ್ಯ. ಮೈಲಾರನ ಸನ್ನಿಧಿಯಲ್ಲಿ ದೋಣಿ ತುಂಬಿಸುವ ಸೇವೆ ನಡೆಯುವಾಗ ಗೊರವರು ನಾಯಿಗಳಂತೆ ಬೊಗಳುತ್ತ ದೋಣಿಗೆ ಬಾಯಿಹಾಕಿ ಪ್ರಸಾದ ತಿನ್ನುತ್ತಾರೆ. ದೇವರ ನಾಯಿ ಎನಿಸಿಕೊಳ್ಳುವುದು ಅಲ್ಲಿ ಹೆಮ್ಮೆಯ ಮಾತು. ಸಾತಾರದ ಬಳಿಯ ಸಂಗಮ ಮಾಹುಲಿಯಲ್ಲಿ ಛತ್ರಪತಿ ಶಾಹುವಿನ ನಾಯಿಯ ಸಮಾಧಿಯಿದೆ. ಅದರ ಹೆಸರು ಖಂಡ್ಯಾ, ಹುಲಿಯ ಬಾಯಿಂದ ಒಡೆಯನನ್ನು ಉಳಿಸಿತೆಂಬುದು ಪ್ರತೀತಿ.

ಇಷ್ಟು ಗೌರವ ಕೊಟ್ಟ ಸೀಮೆಯ ಆಡುಮಾತಿನಲ್ಲಿ ನಾಯಿಯ ಸ್ಥಿತಿ ಬೇರೆಯೇ. ನಾಯಿಪಾಡು ಎಂದರೆ ಎಲ್ಲಕ್ಕಿಂತ ಕೀಳಾದ ಪಾಡು. ನಾಯಿಯ ಬಾಲ ಎಂದಿಗೂ ಡೊಂಕು ಎಂಬ ಗಾದೆ ನಾಯಿ ಕಲಿಯಲಾರದು ಎಂದು ತೀರ್ಪು ಕೊಟ್ಟುಬಿಡುತ್ತದೆ. ಬೊಗಳುವ ನಾಯಿ ಕಚ್ಚುವುದಿಲ್ಲ ಎಂಬುದಂತೂ ಅಪಾಯಕಾರಿ ಗಾದೆ. ಬೊಗಳುವ ನಾಯಿಯೂ ಕಚ್ಚುತ್ತದೆ. ಹೆದರಿದ, ಮೂಲೆಗೆ ಸಿಕ್ಕಿದ, ಬಿಗಿಯಾಗಿ ಕಟ್ಟಿದ ನಾಯಿ ಬೊಗಳಿಯೇ ಕಚ್ಚುತ್ತದೆ. ಗಾದೆಗಳನ್ನು ಸಂಗ್ರಹಿಸುವ ವಿದ್ಯಾರ್ಥಿಗಳು ಅವುಗಳನ್ನು ಜನಪದರ ವಿವೇಕವೆಂದು ಸಾರಾಸಗಟಾಗಿ ಹೊಗಳುವ ಮುನ್ನ ಇಂಥವನ್ನು ಒರೆಗೆ ಹಚ್ಚಿ ನೋಡುವುದು ಒಳಿತು. ಗಾದೆಯನ್ನು ಸುಳ್ಳಾಗಿಸಿದವರು ಅದೇ ಜನಪದದಲ್ಲಿದ್ದಾರೆ. ಕುರಿಗಾರರು ಮರಿಯನ್ನು ಕುರಿಹಿಂಡಿನ ನಡುವೆಯೇ ಬೆಳೆಸುತ್ತಾರೆ. ಕುರಿಯ ವಾಸನೆ, ಕುರಿಯ ಮೈಬಿಸಿ, ಕುರಿಗಾರನ ಸಿಳ್ಳೆ ಇವೇ ಅದರ ಪಾಠ. ಹಾಗೆ ಬೆಳೆದ ನಾಯಿ ತೋಳನಿಗೆ ಎದುರು ನಿಲ್ಲುತ್ತದೆ, ಕುರಿಮರಿಗೆ ಹಲ್ಲು ತಾಗಿಸುವುದಿಲ್ಲ.

ವೃತ್ತಿಪರ ತರಬೇತಿ ಎಂದು ಇಂದು ನಗರಗಳಲ್ಲಿ ಹಣ ಪಡೆದು ಕಲಿಸುವ ವಿದ್ಯೆಯ ತಿರುಳು ಇದರಿಂದ ದೂರದ್ದಲ್ಲ. ಸ್ಕಾಟ್ ಮತ್ತು ಫುಲ್ಲರ್ ಎಂಬ ಅಮೆರಿಕದ ವಿದ್ವಾಂಸರು ನಾಯಿಗಳ ನಡವಳಿಕೆಯನ್ನು ವರ್ಷಗಟ್ಟಲೆ ಅಭ್ಯಸಿಸಿ 1965ರಲ್ಲಿ ಪ್ರಕಟಿಸಿದ ಗ್ರಂಥ ಈ ಕ್ಷೇತ್ರದ ಅಡಿಗಲ್ಲು. ಹುಟ್ಟಿದ ಮೂರನೆಯ ವಾರದಿಂದ ಸುಮಾರು ಹನ್ನೆರಡನೆಯ ವಾರದವರೆಗಿನ ಅವಧಿಯಲ್ಲಿ ಮರಿ ಯಾರನ್ನು, ಯಾವುದನ್ನು ಹೆದರದೆ ಕಂಡಿದೆಯೋ ಅವು ಜೀವನಪರ್ಯಂತ ಅದರ ಪಾಲಿಗೆ ತನ್ನವಾಗುತ್ತವೆ. ಮಕ್ಕಳು, ಮೋಟಾರುಬೈಕು, ಕೊಡೆ ಹಿಡಿದವರು, ದನಕರು, ಬ್ಯಾಂಡುಬಾಜಾ, ಇವನ್ನೆಲ್ಲ ಆಗ ಕಾಣದ ನಾಯಿ ಮುಂದೆ ಅವನ್ನು ಶತ್ರುವೆಂದೇ ಬಗೆದರೆ ಆಶ್ಚರ್ಯವಿಲ್ಲ. 2017ರ ಶ್ವಾನ ಸಂವರ್ಧನೆ ಮತ್ತು ಮಾರಾಟ ನಿಯಮಗಳ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ತಾಯಿಯಿಂದ ಬೇಗ ಅಗಲಿಸಬಾರದೆಂಬುದು ಅದರ ಉದ್ದೇಶ, ಸರಿಯಾದುದೇ. ಆದರೆ ಲೆಕ್ಕ ಹಾಕಿದರೆ ಕೊಂಡವನ ಕೈಯಲ್ಲಿ ಉಳಿಯುವುದು ನಾಲ್ಕು ವಾರ ಮಾತ್ರ. ಆ ನಾಲ್ಕು ವಾರ ಮರಿಯನ್ನು ತೋಟದ ಮೂಲೆಯ ಗೂಟಕ್ಕೆ ಕಟ್ಟಿಹಾಕಿದವನು ಮುಂದೆ ಎಂಥ ತರಬೇತುದಾರನನ್ನು ಕರೆತಂದರೂ ಕಳೆದದ್ದು ಪೂರ್ತಿ ಮರಳದು.

ಇನ್ನು ಕಲಿಕೆಯ ರೀತಿ. ಬೇಕಾದ ನಡೆ ಕಂಡ ಕ್ಷಣದಲ್ಲೇ ತಿನಿಸು ಇಲ್ಲವೆ ಮೆಚ್ಚುಗೆ ಸಿಗಬೇಕು, ಒಂದೆರಡು ಸೆಕೆಂಡು ತಡವಾದರೂ ನಾಯಿಗೆ ನಂಟು ತಿಳಿಯದು. ಬೆಳಗ್ಗೆ ಚಪ್ಪಲಿ ಕಚ್ಚಿದ್ದಕ್ಕೆ ಸಂಜೆ ಬಡಿಗೆಯ ಏಟು ಬಿದ್ದರೆ ನಾಯಿ ಕಲಿಯುವುದು ಒಡೆಯನಿಗೆ ಹೆದರುವುದನ್ನಷ್ಟೇ. ಹೆದರಿಕೆ ಒಂದಲ್ಲ ಒಂದು ದಿನ ಹಲ್ಲಾಗಿ ಹೊರಬೀಳುತ್ತದೆ, ಹೆಚ್ಚಾಗಿ ಮನೆಯ ಕೂಸಿನ ಮೇಲೆ.

ಎರಡು ಭಾಷೆಯ ಮನೆಗಳಲ್ಲಿ ಇನ್ನೊಂದು ತೊಡಕಿದೆ, ಅದು ಭಾಷೆಯ ವಿದ್ಯಾರ್ಥಿಗಳಿಗೆ ಸ್ವಾರಸ್ಯಕರ. ಮರಾಠಿಯಲ್ಲಿ 'ಬಸ್' ಎಂದರೆ ಕುಳಿತುಕೋ. ಗಡಿಸೀಮೆಯ ಕನ್ನಡದ ಆಡುಮಾತಿನಲ್ಲಿ 'ಬಸ್' ಎಂದರೆ ಸಾಕು, ನಿಲ್ಲಿಸು. ಮಗ ಕುಳ್ಳಿರಿಸಲು 'ಬಸ್' ಎನ್ನುತ್ತಾನೆ, ಅಜ್ಜಿ ಬೊಗಳುವುದನ್ನು ನಿಲ್ಲಿಸಲು 'ಬಸ್' ಎನ್ನುತ್ತಾಳೆ, ಪೇಟೆಯಿಂದ ಬಂದ ತರಬೇತುದಾರ 'ಸಿಟ್' ಎಂದು ಕಲಿಸಿ ಹೋಗಿರುತ್ತಾನೆ. ನಾಯಿಗೆ ಕನ್ನಡವೂ ಬಾರದು, ಮರಾಠಿಯೂ ಬಾರದು. ಅದು ಬಲ್ಲದ್ದು ಒಂದು ಸದ್ದಿಗೆ ಒಂದೇ ಅರ್ಥ ಎಂಬ ಒಪ್ಪಂದವನ್ನು. ಭಾಷಾವಿಜ್ಞಾನದ ಮೊದಲ ಪಾಠದಲ್ಲಿ ಬರುವ ಶಬ್ದಾರ್ಥಗಳ ರೂಢಿಸಂಬಂಧಕ್ಕೆ ಇದಕ್ಕಿಂತ ಸರಳ ಉದಾಹರಣೆ ಸಿಗಲಾರದು. ಒಪ್ಪಂದ ಮುರಿಯುವವರು ಮನೆಯವರು, ಹಟಮಾರಿ ಎನಿಸಿಕೊಳ್ಳುವುದು ನಾಯಿ. ಒಳ್ಳೆಯ ತರಬೇತುದಾರ ಹೆಚ್ಚು ಹೊತ್ತು ಕಲಿಸುವುದು ಮನುಷ್ಯರಿಗೇ ಎಂಬ ಮಾತು ಆದ್ದರಿಂದ ಅತಿಶಯೋಕ್ತಿಯಲ್ಲ. ತೊಂದರೆಯೆಂದರೆ, ಮರಿ ಮಾಡಿಸಿ ಮಾರುವವರಿಗೆ 2017ರ ನಿಯಮಗಳಿವೆ, ಸಾಕುಪ್ರಾಣಿಗಳ ಅಂಗಡಿಗೆ 2018ರ ನಿಯಮಗಳಿವೆ, ಕಲಿಸುವವರಿಗೆ ಅಂಥದೊಂದು ನಿಯಮಾವಳಿ ಇಲ್ಲ. ಯಾರು ಬೇಕಾದರೂ ಫಲಕ ತೂಗುಹಾಕಬಹುದು.

ಈ ಸೀಮೆಯಲ್ಲಿ ತರಬೇತಿಯ ಪ್ರಶ್ನೆ ಬಂದಾಗ ಮುಧೋಳದ ಹೆಸರು ಬಾರದೆ ಇರದು. ರನ್ನನ ಊರನ್ನು ಇಂದು ಲೋಕ ಗುರುತಿಸುವುದು ನಾಯಿಯಿಂದ, ಕನ್ನಡ ವಿಭಾಗದವರು ಇದಕ್ಕೆ ಮುನಿಸಿಕೊಂಡು ಫಲವಿಲ್ಲ. ಮುಧೋಳ ಸಂಸ್ಥಾನದ ಘೋರ್ಪಡೆ ಅರಸರಲ್ಲಿ ಮಾಲೋಜಿರಾವ್ ಈ ತಳಿಯನ್ನು ಪೋಷಿಸಿ, ಇಂಗ್ಲೆಂಡಿನ ದೊರೆ ಐದನೆಯ ಜಾರ್ಜನಿಗೆ ಮರಿಗಳನ್ನು ಕಾಣಿಕೆಯಾಗಿ ಕೊಟ್ಟದ್ದು ಪ್ರಸಿದ್ಧ. ಮಹಾರಾಷ್ಟ್ರದ ಕಡೆ ಇದೇ ನಾಯಿ ಕಾರವಾನ್ ಹೌಂಡ್. 2005ರಲ್ಲಿ ಅಂಚೆಚೀಟಿಯ ಮೇಲೆ ಬಂತು, 2016ರಲ್ಲಿ ಸೇನೆಯ ತರಬೇತಿಗಾಗಿ ಮರಿಗಳು ಮೀರತ್ತಿಗೆ ಹೋದವು, 2020ರ ಆಗಸ್ಟಿನಲ್ಲಿ ಪ್ರಧಾನಿಯವರು ಬಾನುಲಿಯ ಮನದ ಮಾತಿನಲ್ಲಿ ಹೆಸರಿಸಿದರು. ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರ ತಳಿಯನ್ನು ಶುದ್ಧವಾಗಿ ಉಳಿಸಲು ದುಡಿಯುತ್ತಿದೆ. ಇವೆಲ್ಲ ಹೆಮ್ಮೆಯ ಸಂಗತಿಗಳೇ. ಆದರೆ ಹೆಮ್ಮೆಯ ಬೆನ್ನಿಗೇ ಕೊಳ್ಳುವವರ ಸಾಲು ಬಂತು. ಕಣ್ಣಿನಿಂದ ಬೇಟೆ ಗುರುತಿಸಿ ಬಯಲಲ್ಲಿ ಅಟ್ಟಿ ಹಿಡಿಯಲೆಂದೇ ಶತಮಾನಗಳ ಕಾಲ ರೂಪುಗೊಂಡ ಮೈ ಅದರದು. ನೀಳ ಕಾಲು, ಆಳವಾದ ಎದೆ, ಒಳಸರಿದ ಹೊಟ್ಟೆ. ಅದು ಓಡಲೇಬೇಕು. ಅಂಥ ಪ್ರಾಣಿಯನ್ನು ಬಂಗಲೆಯ ಗೇಟಿಗೆ ಮೂರು ಅಡಿ ಸರಪಳಿಯಲ್ಲಿ ಬಿಗಿದು ಕಾವಲಿಗೆ ನಿಲ್ಲಿಸುವುದು ತಳಿಯ ಅಭಿಮಾನವಲ್ಲ, ತಳಿಯ ಅವಮಾನ. ಬಯಲಿಗೆ ಬಿಟ್ಟು ಮೊಲ ಹಿಡಿಸೋಣವೆಂದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅದು ಅಪರಾಧ. ಹಳೆಯ ಕಸುಬನ್ನು ಕಾನೂನು ತೆಗೆದುಕೊಂಡಿದೆ, ಮೈಯಲ್ಲಿನ ಓಟ ಹಾಗೆಯೇ ಉಳಿದಿದೆ. ಆ ಓಟಕ್ಕೆ ದಾರಿ ಒದಗಿಸುವ ಹೊಣೆ ಈಗ ಕೊಂಡವನದು.

ಹೊಣೆ ಎಂಬುದು ಉಪದೇಶದ ಮಾತಾಗಿ ಉಳಿದಿಲ್ಲ ಎಂಬುದನ್ನು ಬಹಳ ಮಂದಿ ಅರಿಯರು. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೆಯ ಕಲಮಿನ ಪ್ರಕಾರ ಪ್ರಾಣಿಯನ್ನು ತೀರ ಗಿಡ್ಡ ಇಲ್ಲವೆ ತೀರ ಭಾರವಾದ ಸರಪಳಿಯಲ್ಲಿ ಬಹುಕಾಲ ಕಟ್ಟಿಡುವುದು, ಸದಾ ಕಟ್ಟಿದ ನಾಯಿಗೆ ಅಡ್ಡಾಟದ ಅವಕಾಶ ಕೊಡದಿರುವುದು, ಸಾಕಿದ ಪ್ರಾಣಿಯನ್ನು ಬೀದಿಪಾಲು ಮಾಡುವುದು ಎಲ್ಲವೂ ಅಪರಾಧ. ಮೊದಲ ತಪ್ಪಿಗೆ ದಂಡ ಹತ್ತು ರೂಪಾಯಿಯಿಂದ ಐವತ್ತು ರೂಪಾಯಿ. ಕಾಯ್ದೆ ಬಂದ ವರ್ಷಕ್ಕೆ ಅದು ದಂಡವಾಗಿದ್ದೀತು. ಇಂದು ಆ ಹಣಕ್ಕೆ ಒಳ್ಳೆಯದೊಂದು ಸರಪಳಿಯೂ ಬಾರದು. ನಾಯಿಯಿಂದ ಇತರರಿಗಾಗುವ ಕೇಡಿನ ವಿಷಯದಲ್ಲಿ ಕಾನೂನು ಸ್ವಲ್ಪ ಬಿಗಿಯಾಗಿದೆ. ತನ್ನ ವಶದಲ್ಲಿರುವ ಪ್ರಾಣಿಯಿಂದ ಜೀವಕ್ಕೆ ಅಪಾಯ ಅಥವಾ ತೀವ್ರ ಗಾಯ ಆಗದಂತೆ ಎಚ್ಚರ ವಹಿಸದವನಿಗೆ ಭಾರತೀಯ ನ್ಯಾಯ ಸಂಹಿತೆಯ 291ನೆಯ ಕಲಮಿನಂತೆ ಆರು ತಿಂಗಳವರೆಗೆ ಸೆರೆ, ಇಲ್ಲವೆ ಐದು ಸಾವಿರ ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. ನಾಯಿಯ ಪಾಪ ಇಲ್ಲಿಯೂ ಒಡೆಯನಿಗೇ.

ಆದರೂ ಆಡಳಿತದ ಮನಸ್ಸು ಮತ್ತೆ ಮತ್ತೆ ನಾಯಿಯ ಕಡೆಗೇ ತಿರುಗುತ್ತದೆ. 2024ರ ಮಾರ್ಚಿನಲ್ಲಿ ಕೇಂದ್ರವು 23 ತಳಿಗಳನ್ನು ಉಗ್ರವೆಂದು ಕರೆದು ನಿಷೇಧಿಸಹೊರಟಿತು. ಸಂಬಂಧಪಟ್ಟವರ ಅಹವಾಲು ಕೇಳದೆ ಹೊರಡಿಸಿದ್ದೆಂಬ ಕಾರಣಕ್ಕೆ ಕರ್ನಾಟಕ ಉಚ್ಚ ನ್ಯಾಯಾಲಯ ಏಪ್ರಿಲ್‌ನಲ್ಲಿ ಆ ಸುತ್ತೋಲೆಯನ್ನು ರದ್ದುಪಡಿಸಿತು. 2025ರ ಆಗಸ್ಟ್ 11ರಂದು ಸರ್ವೋಚ್ಚ ನ್ಯಾಯಾಲಯ ದಿಲ್ಲಿ ಪ್ರದೇಶದ ಬೀದಿನಾಯಿಗಳನ್ನೆಲ್ಲ ಆಶ್ರಯತಾಣಗಳಿಗೆ ಸಾಗಿಸಲು ಆದೇಶಿಸಿ, 22ರಂದು ಅದನ್ನು ಮಾರ್ಪಡಿಸಿತು. ಹುಚ್ಚು ಹಿಡಿದವು ಮತ್ತು ಆಕ್ರಮಣಕಾರಿಗಳ ಹೊರತು ಉಳಿದವನ್ನು ಸಂತಾನಹರಣ ಮಾಡಿ, ಲಸಿಕೆ ಹಾಕಿ ಹಿಡಿದ ಜಾಗದಲ್ಲೇ ಬಿಡಬೇಕೆಂದಿತು. ಮಗುವನ್ನು ಕಳೆದುಕೊಂಡ ತಾಯಿಯ ಸಿಟ್ಟೂ ನ್ಯಾಯವೇ, ಮೂಕಪ್ರಾಣಿಗೆ ಅನ್ನವಿಡುವವರ ಮರುಕವೂ ನ್ಯಾಯವೇ. ಆ ವಾದವಿವಾದಗಳ ಅಬ್ಬರದಲ್ಲಿ ಸಾಕಿದವರ ಮಾತು ಮಾತ್ರ ಕಡಿಮೆ ಕೇಳಿಸಿತು. ಬೇಡವೆಂದು ಹೆದ್ದಾರಿಯ ಬದಿಗೆ ಇಳಿಸಿಹೋದ ಮರಿ, ತೋಟದ ನಾಯಿ ಹಾಕಿದ ಐದಾರು ಮರಿಗಳಲ್ಲಿ ಯಾರೂ ಒಯ್ಯದ ಹೆಣ್ಣುಮರಿಗಳು, ಇವೂ ಬೀದಿನಾಯಿಗಳ ಸಂತತಿಯನ್ನು ಬೆಳೆಸುತ್ತವೆ. ಹೆಣ್ಣುಮರಿ ಬೇಡ ಎಂಬ ಮಾತು ಈ ನಾಡಿನಲ್ಲಿ ನಾಯಿಗೂ ತಪ್ಪಿದ್ದಲ್ಲ.

ಮರಾಠಿಯಲ್ಲಿ 'ಪಾಳಣೇ' ಎಂಬ ಒಂದೇ ಕ್ರಿಯಾಪದ ನಾಯಿಗೂ ನಿಯಮಕ್ಕೂ ಸಲ್ಲುತ್ತದೆ. ನಾಯಿ ಸಾಕುವುದೂ ಪಾಳಣೇ, ನಿಯಮಕ್ಕೆ ಬದ್ಧನಾಗಿರುವುದೂ ಪಾಳಣೇ. ಕನ್ನಡವು ಸಾಕುವುದನ್ನೂ ಪಾಲಿಸುವುದನ್ನೂ ಬೇರೆಮಾಡಿಕೊಂಡಿದೆ. ಈ ಒಂದು ವಿಷಯದಲ್ಲಿ ಮರಾಠಿಯ ಪದವೇ ಹೆಚ್ಚು ಹೇಳುತ್ತದೆ ಎನ್ನಬೇಕು.

ಖಂಡೇರಾಜುರಿಯಂಥ ಊರುಗಳಲ್ಲಿ ಮಾಡಬೇಕಾದುದು ಬೆಟ್ಟದಷ್ಟಿಲ್ಲ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳ ಪ್ರಕಾರ ಸಾಕುನಾಯಿಯ ಲಸಿಕೆಯ ಹೊಣೆ ಒಡೆಯನದೇ. ಬೀದಿನಾಯಿಯ ಸಂತಾನಹರಣ, ಲಸಿಕೆಗಳ ಹೊಣೆ ಸ್ಥಳೀಯ ಸಂಸ್ಥೆಯದು. ಹುಚ್ಚುನಾಯಿ ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಮನುಷ್ಯ ಬದುಕುಳಿಯುವುದು ಇಲ್ಲವೆಂಬಷ್ಟು ಅಪರೂಪ. ಕಚ್ಚಿದ ಗಾಯವನ್ನು ಹದಿನೈದು ನಿಮಿಷ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದು, ಅರಿಸಿನ ಮೆಣಸಿನಪುಡಿಗಳನ್ನು ಮೆತ್ತದೆ, ಅಂದೇ ಸೂಜಿ ಹಾಕಿಸಿಕೊಳ್ಳಲು ಆರೋಗ್ಯ ಕೇಂದ್ರಕ್ಕೆ ಹೋಗಬೇಕೆಂದು ಶಾಲೆಯ ಮಕ್ಕಳಿಗೆ ತಿಳಿಸಲು ಅರ್ಧ ಗಂಟೆ ಸಾಕು, ಎರಡು ಭಾಷೆಗಳಲ್ಲಿ ಹೇಳಿದರೂ. ಗ್ರಾಮಸಭೆಯಲ್ಲಿ ಒಂದು ಪುಸ್ತಕ ತೆರೆದು ಯಾವ ವಸ್ತಿಯಲ್ಲಿ ಯಾವ ನಾಯಿ, ಸಾಕಿದವರು ಯಾರು, ಲಸಿಕೆ ಹಾಕಿಸಿದ ತಾರೀಖು ಯಾವುದು ಎಂದು ಬರೆಯಿಸಬೇಕೆಂದು ಕೇಳಲು ಹೊಸ ಕಾನೂನು ಬೇಕಿಲ್ಲ. ರಜೆಗೆ ಊರಿಗೆ ಹೋಗುವ ವಿದ್ಯಾರ್ಥಿಯೊಬ್ಬ ಎದ್ದು ನಿಂತು ಕೇಳಿದರೂ ಆದೀತು.