ಬೇಲಿ ಬೋಳಿಸುವ ಯಂತ್ರ ನಮಗೆ ಬೇಕೆ?



ಪೊದೆ ಸವರುವ ದೊಡ್ಡ ಯಂತ್ರವೊಂದನ್ನು ಸಂಘದ ಹಣದಿಂದ ಕೊಂಡು ಸದಸ್ಯರಿಗೆ ಬಾಡಿಗೆಗೆ ಕೊಡಬೇಕೆಂಬ ಬೇಡಿಕೆ ಕೆಲವು ಕಾಲದಿಂದ ಕೇಳಿಬರುತ್ತಿದೆ. ಮುಂಬರುವ ಸರ್ವಸಾಧಾರಣ ಸಭೆಯಲ್ಲಿ ವಿಷಯ ಚರ್ಚೆಗೆ ಬರಲಿದೆ. ಅದಕ್ಕೆ ಮುಂಚೆ ನಮ್ಮ ಅಭಿಪ್ರಾಯವನ್ನು ಇಲ್ಲಿ ಹೇಳಿಬಿಡುವುದು ಉಚಿತವೆಂದು ತೋರಿತು. ಇದು ಆಡಳಿತ ಮಂಡಳಿಯ ತೀರ್ಮಾನವಲ್ಲ. ಒಪ್ಪದವರು ಸಭೆಯಲ್ಲಿ ಎದ್ದುನಿಂತು ಹೇಳಬಹುದು, ಹೇಳಬೇಕು ಕೂಡ.

ಬೇಡಿಕೆ ಸುಮ್ಮನೆ ಹುಟ್ಟಿದ್ದಲ್ಲ. ಆಳುಗಳ ಅಭಾವ ಎಲ್ಲರಿಗೂ ಗೊತ್ತಿರುವ ಮಾತು. ಮೊದಲು ವರ್ಷಕ್ಕೆ ಮೂರು ಸಲ ಕಳೆ ಹೊಡೆಸುತ್ತಿದ್ದವರು ಈಗ ಒಂದು ಸಲಕ್ಕೆ ಇಳಿದಿದ್ದಾರೆ. ಬೇಲಿ ಬದಿಯ ಕೆಲಸ ಯಾವಾಗಲೂ ಕೊನೆಗೆ ಉಳಿಯುವಂಥದು, ಈಗ ಅದು ಆಗುವುದೇ ಇಲ್ಲ. ಮಕ್ಕಳು ಬೆಂಗಳೂರಿನಲ್ಲಿ, ತೋಟದಲ್ಲಿ ಅರುವತ್ತು ದಾಟಿದ ಗಂಡ ಹೆಂಡತಿ ಇಬ್ಬರೇ. ಅಗಳಿನ ಎರಡೂ ದಂಡೆಗೆ ಲಂಟಾನ ಹಬ್ಬಿದೆ, ಹಡಿಲು ಬಿದ್ದ ಗದ್ದೆಯಲ್ಲಿ ಕಮ್ಯುನಿಸ್ಟ್ ಗಿಡ ಆಳೆತ್ತರ ನಿಂತಿದೆ, ಮಿಕಾನಿಯ ಬಳ್ಳಿ ಸಿಲ್ವರ್ ಮರದ ತುದಿ ಮುಟ್ಟಿದೆ. ಇಂಥವರಿಗೆ ‘ಯಂತ್ರ ಬೇಡ’ ಎಂದು ಉಪದೇಶ ಮಾಡುವುದು ಸುಲಭ, ನಾವು ಅದನ್ನು ಮಾಡುತ್ತಿಲ್ಲ. ಯಾವ ಯಂತ್ರ, ಯಾವ ನೆಲಕ್ಕೆ ಎಂಬುದಷ್ಟೇ ನಮ್ಮ ಪ್ರಶ್ನೆ.

ಈಗ ಕೇಳುತ್ತಿರುವ ಯಂತ್ರ ಟ್ರಾಕ್ಟರಿನ ಹಿಂದೆ ಕಟ್ಟುವಂಥದು. ಟ್ರಾಕ್ಟರಿನ ಹಿಂಬದಿಯ ದಂಡ ನಿಮಿಷಕ್ಕೆ 540 ಸುತ್ತು ತಿರುಗಿ, ದಪ್ಪ ಅಲಗುಗಳನ್ನು ಬೀಸಿ, ಹೆಬ್ಬೆರಳು ಗಾತ್ರದ ಕಾಂಡವನ್ನೂ ಪುಡಿಮಾಡುತ್ತದೆ. ಸಮತಟ್ಟಾದ ನೆಲದಲ್ಲಿ ಅದರ ಕೆಲಸ ನೋಡಲು ಚೆಂದ. ಕಲಬುರಗಿ ಜಿಲ್ಲೆಯ ಆಳಂದ ತಾಲ್ಲೂಕಿನ ಖಜೂರಿಯ ಕಡೆ, ಮಹಾರಾಷ್ಟ್ರದ ಗಡಿಗೆ ಹತ್ತಿರದ ತೊಗರಿ ಜೋಳದ ಸೀಮೆಯಲ್ಲಿ, ಬೀಳುಬಿದ್ದ ಹೊಲವನ್ನು ಬೇಸಿಗೆಯಲ್ಲಿ ಹಸನು ಮಾಡಲು ಇದು ತಕ್ಕ ಸಾಧನ. ಅಲ್ಲಿಯೂ ಮಳೆ ಬಿದ್ದು ಎರೆ ನೆನೆಯಿತೆಂದರೆ ಟ್ರಾಕ್ಟರು ನಿಂತಲ್ಲೇ ನಿಲ್ಲಬೇಕು. ಬಳ್ಳಾರಿ ಜಾಲಿಯಂತೂ ಮೇಲೆ ಸವರಿದರೆ ಬುಡದಿಂದ ಮತ್ತೆ ಚಿಗುರುವ ಗಿಡ, ಬೇರು ಕಿತ್ತರೇ ಮುಗಿಯಿತು. ಬಯಲುಸೀಮೆಯ ಅನುಭವವನ್ನು ನಮ್ಮ ಇಳಿಜಾರಿಗೆ ಹಾಗೆಯೇ ತರುವುದು ಹೇಗೆ?

ನಮ್ಮ ಲಂಟಾನದ ಗುಣವೂ ಜಾಲಿಯದೇ. 19ನೆಯ ಶತಮಾನದ ಆರಂಭದಲ್ಲಿ ಹೂವಿನ ಚೆಲುವಿಗೆಂದು ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ತಂದ ಗಿಡ ಇಂದು ನಮ್ಮ ಬೇಲಿಗಳ ಯಜಮಾನನಾಗಿದೆ. ನೆಲಮಟ್ಟಕ್ಕೆ ಕೊಚ್ಚಿದರೆ ಒಂದು ಬುಡದಿಂದ ಹತ್ತು ಚಿಗುರು ಏಳುತ್ತವೆ, ಮರುವರ್ಷದ ಪೊದೆ ಹಿಂದಿನದಕ್ಕಿಂತ ದಟ್ಟ. ದೆಹಲಿ ವಿಶ್ವವಿದ್ಯಾಲಯದ ಪ್ರೊ. ಸಿ. ಆರ್. ಬಾಬು ಮತ್ತು ಸಂಗಡಿಗರು ಕಾರ್ಬೆಟ್ ಅರಣ್ಯದಲ್ಲಿ ಬಳಕೆಗೆ ತಂದ ಕ್ರಮ ಬಹಳ ಸರಳವಾದುದು: ಬುಡದ ಮಣ್ಣನ್ನು ಸ್ವಲ್ಪ ಸರಿಸಿ, ನೆಲದಿಂದ ಮೂರು ನಾಲ್ಕು ಸೆಂಟಿಮೀಟರ್ ಕೆಳಗೆ ತಾಯಿಬೇರನ್ನು ಕಡಿದು, ಗಿಡವನ್ನು ಬೇರು ಮೇಲಾಗಿ ಮಗುಚಿಡುವುದು. ಇದಕ್ಕೆ ಬೇಕಾದದ್ದು ಹಿಡಿ ಗಟ್ಟಿಯಾದ ಒಂದು ಗುದ್ದಲಿ. ಹಕ್ಕಿಗಳು ಬೀಜ ತಂದು ಹಾಕುವುದರಿಂದ ಮುಂದಿನ ಎರಡು ಮೂರು ಮಳೆಗಾಲ ಸಸಿಗಳನ್ನು ಕೈಯಿಂದ ಕೀಳುತ್ತಿರಬೇಕು ಎನ್ನುವುದೂ ನಿಜ. ಆದರೆ ಲಕ್ಷಗಟ್ಟಲೆ ಹಣದ ಯಂತ್ರ ಬಂದರೂ ಆ ಕೆಲಸ ತಪ್ಪುವುದಿಲ್ಲ.

ಮಿಕಾನಿಯದ್ದು ಇನ್ನೂ ಕೆಟ್ಟದ್ದು. ಅದರ ಒಂದೊಂದು ಗೆಣ್ಣೂ ಬೇರು ಬಿಡುತ್ತದೆ. ಅಲಗಿಗೆ ಸಿಕ್ಕ ಬಳ್ಳಿ ನೂರು ತುಂಡಾಗಿ ತೋಟದ ತುಂಬ ಹಾರಿದರೆ ನಾವೇ ನಾಟಿ ಮಾಡಿದಂತೆ. ಅದನ್ನು ಎಳೆದು ಸುತ್ತಿ, ಬಿಸಿಲಲ್ಲಿ ಒಣಗಿಸಬೇಕು. ಕಮ್ಯುನಿಸ್ಟ್ ಗಿಡಕ್ಕೆ ಮಾತ್ರ ಸವರುವುದು ಸರಿಯಾದ ಮದ್ದು, ಅದೂ ಹೂ ಬಿಡುವ ಮೊದಲು. ಡಿಸೆಂಬರ್ ಕಳೆದ ಮೇಲೆ ಸವರಿದರೆ ಬೀಜವನ್ನು ಗಾಳಿಗೆ ತೂರಿದ ಹಾಗೆ.

ಇನ್ನು ನೆಲದ ಮಾತು. ಜೇಸಿಬಿ 7 ಟನ್ನಿಗೂ ಮೀರಿದ ಭಾರದ್ದು. ಕಾಫಿಯ ಆಹಾರ ಹೀರುವ ಬೇರುಗಳು ಬಹುಪಾಲು ಮೇಲಿನ ಒಂದು ಅಡಿ ಮಣ್ಣಿನಲ್ಲಿರುತ್ತವೆ, ಅಡಿಕೆಯದೂ ಹೆಚ್ಚು ಕಡಿಮೆ ಹಾಗೆಯೇ. ಆ ಮಣ್ಣಿನ ಮೇಲೆ ಚಕ್ರ ಹಾಯ್ದರೆ ತೊಟ್ಟಿಲು ಗುಂಡಿ ತೋಡಿ ವರ್ಷಗಟ್ಟಲೆ ನೀರು ಇಂಗಿಸಿದ ಶ್ರಮ ಒಂದು ದಿನದಲ್ಲಿ ಹೋಗುತ್ತದೆ. ಧರೆಯ ಮೇಲಿನ ಪೊದೆ ಕಣ್ಣಿಗೆ ಕೊಳಕು ಕಾಣಬಹುದು, ಆದರೆ ಅದರ ಬೇರು ಧರೆಯನ್ನು ಹಿಡಿದುಕೊಂಡಿದೆ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡ ಜರಿದು ತೋಟಗಳೇ ಕೊಚ್ಚಿಹೋದದ್ದನ್ನು ಮರೆಯುವಂತಿಲ್ಲ. ಮಳೆ ಅತಿಯಾಗಿತ್ತು, ಸರಿ. ಇಳಿಜಾರನ್ನು ಮನಬಂದಂತೆ ಕಡಿದದ್ದೂ ಕಾರಣವೆಂದು ಭೂವಿಜ್ಞಾನಿಗಳು ಆಗ ಹೇಳಿದರು. ಧರೆಯ ಪೊದೆಯನ್ನು ತೆಗೆಯಲೇಬೇಕಾದರೆ ಒಂದೊಂದೇ ತುಣುಕಾಗಿ ತೆಗೆದು, ತೆಗೆದ ಕಡೆ ಲಕ್ಕಿಯನ್ನೋ ಗೊಬ್ಬರದ ಗಿಡವನ್ನೋ ಹಾಲವಾಣದ ಗೂಟವನ್ನೋ ಕೂಡಲೇ ನೆಡಬೇಕು.

ಬೇಲಿಯ ಗುಟ್ಟು ಇನ್ನೊಂದಿದೆ. ಪೊದೆಯೊಳಗೆ ಬಾಂದುಕಲ್ಲು ಇರುತ್ತದೆ, ಹಳೆಯ ಮುಳ್ಳುತಂತಿ ಇರುತ್ತದೆ. ಯಂತ್ರದ ಚಾಲಕನಿಗೆ ಗಂಟೆಯ ಲೆಕ್ಕದ ಬಾಡಿಗೆ, ಅವನು ಕಲ್ಲು ಹುಡುಕುತ್ತಾ ನಿಲ್ಲುವುದಿಲ್ಲ. ಕಲ್ಲು ಕಿತ್ತು ಹೋದ ಮೇಲೆ ಸರ್ವೆಗೆ ಅರ್ಜಿ, ನೆರೆಯವನೊಂದಿಗೆ ಮನಸ್ತಾಪ, ಆಮೇಲೆ ವಕೀಲರ ಮನೆ. ಗಡಿ ಗುರುತು ಕೆಡಿಸಿದವರಿಗೆ 1964ರ ಭೂಕಂದಾಯ ಕಾಯಿದೆಯಲ್ಲಿ ದಂಡವೂ ಇದೆ. ಬೇಲಿ ಸಾಲಿನ ಕಾಡುಮರ ಉರುಳಿಸಿದರೆ 1976ರ ವೃಕ್ಷ ಸಂರಕ್ಷಣಾ ಕಾಯಿದೆ ಅಡ್ಡಬರುತ್ತದೆ. ‘ಯಂತ್ರ ತಾಗಿ ಬಿತ್ತು’ ಎಂದರೆ ಅರಣ್ಯ ಇಲಾಖೆಯವರು ಕೇಳುವುದಿಲ್ಲ. ಅದಲ್ಲದೆ, ರೊಬಸ್ಟಾ ಕಟ್ಟುವುದಕ್ಕೆ ಪರಾಗ ಒಯ್ಯುವ ಜೇನು ಬೇಕು. ಕಾಫಿ ಹೂವಿನ ಆ ಕೆಲವು ದಿನಗಳ ಹೊರತು ಉಳಿದ ಕಾಲದಲ್ಲಿ ತುಡುವೆಗೆ ಮೇವು ಎಲ್ಲಿಂದ? ಬೇಲಿಯ ನೇರಳೆ, ಅಂಟುವಾಳಗಳಿಂದಲೇ.

ಹಾಗಾದರೆ ಬೇಲಿ ಬದಿ ಸವರುವುದೇ ಬೇಡವೆ? ಸೋಲಾರ್ ಬೇಲಿ ಹಾಕಿಕೊಂಡವರಿಗೆ ಸವರದೆ ಗತಿಯಿಲ್ಲ. ಹಸಿ ಹುಲ್ಲು ತಂತಿಗೆ ತಾಗಿದರೆ ವಿದ್ಯುತ್ತು ನೆಲಕ್ಕೆ ಸೋರುತ್ತದೆ, ಬ್ಯಾಟರಿ ಬರಿದಾಗುತ್ತದೆ, ಆನೆಗೆ ಅದು ಬೇಗ ತಿಳಿಯುತ್ತದೆ. ಸಕಲೇಶಪುರ, ಆಲೂರು, ಕೊಡಗಿನ ಬೆಳೆಗಾರರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಆದರೆ ಅಲ್ಲಿಗೆ ಬೇಕಾದದ್ದು ತಂತಿಯ ಅಡಿ ಮೂರಡಿ ಅಗಲದ ಚೊಕ್ಕಟ ಪಟ್ಟಿ. ಅದನ್ನು ಹೆಗಲಿಗೆ ಹಾಕುವ ವೀಡ್ ಕಟರ್ ಮಾಡುತ್ತದೆ, ಟ್ರಾಕ್ಟರು ಅಲ್ಲಿಗೆ ಹೋಗುವುದೇ ಇಲ್ಲ.

ವೀಡ್ ಕಟರ್ ನಿರಪಾಯವೇನಲ್ಲ. ನೈಲಾನ್ ದಾರ ಎಳೆಯ ಅಡಿಕೆ ಸಸಿಯ, ಕಾಫಿ ಗಿಡದ ಬುಡದ ತೊಗಟೆಯನ್ನು ಸುತ್ತಲೂ ಸುಲಿದರೆ ಗಿಡ ಕೈಬಿಟ್ಟಂತೆ. ಬುಡದ ಸುತ್ತ ಒಂದೂವರೆ ಅಡಿ ಕತ್ತಿಯ ಕೆಲಸವೇ ಆಗಬೇಕು. ಸಿಡಿದ ಕಲ್ಲು ಕಣ್ಣು ತೆಗೆದೀತು. ಕಣ್ಣಿಗೆ ಕನ್ನಡಕ, ಕಾಲಿಗೆ ಬೂಟು ಬೇಕು, 15 ಮೀಟರ್ ಒಳಗೆ ಬೇರೆ ಯಾರೂ ನಿಲ್ಲಬಾರದು. ಕೆಲಸದವನಿಗೆ ಇವನ್ನು ಕೊಡದೆ ‘ಹುಷಾರಾಗಿ ಮಾಡು’ ಎನ್ನುವ ಯಜಮಾನಿಕೆ ಇನ್ನು ಸಾಕು. ಮಂಗನ ಕಾಯಿಲೆಯ ಸೀಮೆಯವರು ಇನ್ನೊಂದು ಎಚ್ಚರ ವಹಿಸಬೇಕು. 1957ರಲ್ಲಿ ಕ್ಯಾಸನೂರಿನಲ್ಲಿ ಗುರುತಿಸಿದ ಆ ಕಾಯಿಲೆ ಉಣುಗಿನಿಂದ ಹರಡುವುದು ಹೆಚ್ಚಾಗಿ ಡಿಸೆಂಬರಿನಿಂದ ಮೇ ತಿಂಗಳವರೆಗೆ. ಸೊಪ್ಪಿನ ಬೆಟ್ಟದ ಅಂಚು ಸವರುವುದನ್ನು ನವೆಂಬರಿನೊಳಗೆ ಮುಗಿಸಿಕೊಳ್ಳಿ. ಆಗಲಿಲ್ಲವೆಂದರೆ ಆಳುಗಳಿಗೆ ಆರೋಗ್ಯ ಇಲಾಖೆಯ ಡೆಪಾ ಎಣ್ಣೆ ಹಚ್ಚಿಸಿ, ಲಸಿಕೆಯ ವಿಚಾರವನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿಕೊಂಡು ಕಳುಹಿಸಿ.

ಔಷಧಿ ಹೊಡೆದರೆ ಮುಗಿಯಿತಲ್ಲ ಎನ್ನುವವರೂ ಇದ್ದಾರೆ. ಗ್ಲೈಫೋಸೇಟನ್ನು ಕೀಟನಿಯಂತ್ರಣ ನಿರ್ವಾಹಕರ ಮೂಲಕವಲ್ಲದೆ ಬಳಸಕೂಡದೆಂದು ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಆದೇಶ ಹೊರಡಿಸಿದ್ದನ್ನು ಅವರ ಗಮನಕ್ಕೆ ತರುತ್ತೇವೆ. ತೋಟದ ಕೆಳಗೆ ಕುಡಿಯುವ ನೀರಿನ ಬಾವಿ ಇದೆಯೆಂಬುದನ್ನೂ.

ಆದ್ದರಿಂದ ನಮ್ಮ ಸಲಹೆ ಇಷ್ಟು. ದೊಡ್ಡ ಯಂತ್ರವನ್ನು ಸಂಘ ಕೊಳ್ಳುವುದು ಬೇಡ. ಅದು ವರ್ಷದಲ್ಲಿ ನಾಲ್ಕು ತಿಂಗಳು ಮಳೆಗೆ ನಿಲ್ಲುವಂಥದು, ಸಾಲದ ಬಡ್ಡಿ ನಿಲ್ಲುವಂಥದಲ್ಲ. ಹಡಿಲು ಗದ್ದೆಗೆ, ತೋಟದ ರಸ್ತೆಗೆ ಬೇಕಾದವರು ಹತ್ತಿರದ ಕೃಷಿ ಯಂತ್ರಧಾರೆ ಕೇಂದ್ರದಲ್ಲೋ ಖಾಸಗಿಯವರಲ್ಲೋ ಬಾಡಿಗೆಗೆ ತರಲಿ. ಬದಲಿಗೆ ಸಂಘ ಹತ್ತು ವೀಡ್ ಕಟರ್, ಅವುಗಳ ಬಿಡಿಭಾಗ, ರಕ್ಷಣಾ ಸಾಮಗ್ರಿ ಇಟ್ಟುಕೊಂಡು, ನಮ್ಮೂರ ಹುಡುಗರಲ್ಲೇ ಆರೆಂಟು ಮಂದಿಯನ್ನು ತರಬೇತಿ ಮಾಡಿ ಒಂದು ತಂಡ ಕಟ್ಟಲಿ. ಅವರಿಗೆ ವರ್ಷವಿಡೀ ಕೆಲಸ, ವಿಮೆ, ನ್ಯಾಯವಾದ ಕೂಲಿ ಸಿಗಬೇಕು. ತಂಡ ಮೊದಲು ಹೋಗಬೇಕಾದದ್ದು ಎರಡು ಎಕರೆಯ, ಆಳಿಲ್ಲದ ವೃದ್ಧ ಸದಸ್ಯರ ತೋಟಕ್ಕೆ. ದೊಡ್ಡ ಹಿಡುವಳಿಯವರ ಸರದಿ ಆಮೇಲೆ. ಈ ಮಾತು ಕೆಲವರಿಗೆ ರುಚಿಸದೆಂದು ಬಲ್ಲೆವು.

ತಂಡ ಬೇಕೆನ್ನುವವರು ತಮ್ಮ ಬೇಲಿಯ ಉದ್ದ, ಇಳಿಜಾರು, ಪೊದೆಯ ಜಾತಿ, ಬಾಂದುಕಲ್ಲುಗಳ ಜಾಗ ಇವನ್ನು ಒಂದು ಹಾಳೆಯಲ್ಲಿ ಬರೆದು ಸಭೆಗೆ ಒಂದು ವಾರ ಮುಂಚೆ ಸಂಘದ ಕಚೇರಿಗೆ ತಲುಪಿಸಿರಿ. ಕಲ್ಲು ಎಲ್ಲಿದೆಯೆಂದು ತಿಳಿಯದವರು ನೆರೆಯವರನ್ನು ಕರೆದುಕೊಂಡೇ ಹುಡುಕಿರಿ.