ಉಕ್ಕಿನ ಹಕ್ಕಿಗಳೂ ಎರಡು ಕಿಲೋ ಲೆನ್ಸೂ

ಕಳೆದ ವಾರ ಹಳೆಯ ವಿದ್ಯಾರ್ಥಿಯೊಬ್ಬ ಫೋನು ಮಾಡಿದ್ದ. ಹತ್ತನೆಯ ತರಗತಿಯಲ್ಲಿ ನಾನು ಬೆಳಕಿನ ಪಾಠ ಮಾಡುವಾಗಲೆಲ್ಲ ಕಿಟಕಿಯಾಚೆ ನೋಡುತ್ತ ಕುಳಿತಿರುತ್ತಿದ್ದ ಹುಡುಗ. ಈಗ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಒಳ್ಳೆಯ ಹುದ್ದೆಯಲ್ಲಿದ್ದಾನೆ. "ಸಾರ್, ಮುಂದಿನ ಏರೋ ಇಂಡಿಯಾಕ್ಕೆ 150-600 ಲೆನ್ಸ್ ತಗೋಬೇಕು ಅಂತಿದೀನಿ. ಕಂತಿನಲ್ಲಿ ಕೊಡ್ತಾರಂತೆ. ತಗೊಳ್ಳಲಾ?" ಎಂದು ಕೇಳಿದ. "ಬೇಡ ಕಣಪ್ಪ" ಎಂದೆ. ಏಕೆಂದು ಕೇಳಿದ. ಫೋನಿನಲ್ಲಿ ಹೇಳಿ ಮುಗಿಯುವಂಥದ್ದಲ್ಲ, ಬರೆಯುತ್ತೇನೆ ಎಂದು ಮಾತು ಕೊಟ್ಟೆ. ಅವನಿಗಾಗಿ ಆರಂಭಿಸಿದ ಈ ಬರಹ, ಇದೇ ಹುಚ್ಚು ಹತ್ತಿಸಿಕೊಂಡಿರುವ ಇತರರಿಗೂ (ನಮ್ಮ ಬಂಧುಗಳಲ್ಲಿಯೇ ಇಬ್ಬರಿದ್ದಾರೆ!) ಉಪಯೋಗಕ್ಕೆ ಬಂದೀತು.

ವಿಮಾನಗಳ ಚಿತ್ರ ತೆಗೆಯುವ ಗೀಳು ನನಗೆ ಅಂಟಿದ್ದು ನಮ್ಮ ಅಣ್ಣನಿಂದ. ಅವರು ಎಚ್.ಎ.ಎಲ್.ನಲ್ಲಿ ಫಿಟ್ಟರ್ ಆಗಿದ್ದವರು. 1964ರಲ್ಲಿ ಮೊದಲು ಹಾರಿದ, ಇಲ್ಲಿಯೇ ವಿನ್ಯಾಸಗೊಂಡು ಇಲ್ಲಿಯೇ ತಯಾರಾದ ಕಿರಣ್ ತರಬೇತಿ ವಿಮಾನದ ಮೇಲೆ ಅವರು ವರ್ಷಗಟ್ಟಲೆ ಕೆಲಸ ಮಾಡಿದ್ದರು. 1996ರಲ್ಲಿ ಯಲಹಂಕ ವಾಯುನೆಲೆಯಲ್ಲಿ ಏರೋ ಇಂಡಿಯಾ ಆರಂಭವಾಯಿತು. ಅದೇ ವರ್ಷ ಬೀದರಿನಲ್ಲಿ ಸೂರ್ಯಕಿರಣ್ ತಂಡವೂ ಹುಟ್ಟಿತು. ಆ ತಂಡ ಹಾರಿಸುತ್ತಿದ್ದುದು ಇದೇ ಕಿರಣ್ ವಿಮಾನಗಳನ್ನು. ಹೀಗಾಗಿ ಎರಡು ವರ್ಷಕ್ಕೊಮ್ಮೆ ಇಟ್ಟಮಡುವಿನಿಂದ ಬೆಳಗಿನ ಜಾವವೇ ಹೊರಟು, ಇಡೀ ಬೆಂಗಳೂರನ್ನು ದಾಟಿ ಯಲಹಂಕ ಸೇರುವುದು ನಮ್ಮ ಮನೆಯಲ್ಲಿ ಜಾತ್ರೆಗೆ ಹೋದಂತೆಯೇ ಆಗಿತ್ತು. ಬುತ್ತಿಗೆ ಪುಳಿಯೋಗರೆ ಕಟ್ಟಿಕೊಡುವುದು ಅತ್ತಿಗೆಯ ಪಾಲು.

ಇನ್ನು ಲೆನ್ಸಿನ ವಿಚಾರ. ಅಂಗಡಿಗೆ ಹೋದವರೆಲ್ಲ ಕೇಳುವುದು ಒಂದೇ ಪ್ರಶ್ನೆ: "ಎಷ್ಟು ದೂರ ಎಳೆಯುತ್ತದೆ?" ಜೂಮ್ ಲೆನ್ಸಿಗೆ ಎರಡು ತುದಿಗಳಿವೆ ಎಂಬುದನ್ನು ಯಾರೂ ಗಮನಿಸುವುದಿಲ್ಲ. ಲೆಕ್ಕ ಮಾಡಿ ನೋಡೋಣ. ಸಮರೂಪ ತ್ರಿಭುಜಗಳ ಪಾಠ ಮರೆತಿಲ್ಲವೆಂದು ನಂಬಿದ್ದೇನೆ. ವಸ್ತುವಿನ ಉದ್ದವನ್ನು ಲೆನ್ಸಿನ ಸಂಗಮದೂರದಿಂದ ಗುಣಿಸಿ, ವಸ್ತುವಿಗಿರುವ ದೂರದಿಂದ ಭಾಗಿಸಿದರೆ ಸೆನ್ಸರಿನ ಮೇಲೆ ಬೀಳುವ ಬಿಂಬದ ಉದ್ದ ಸಿಗುತ್ತದೆ. ತೇಜಸ್ ವಿಮಾನದ ಉದ್ದ 13.2 ಮೀಟರ್. ಅದು ಒಂದು ಕಿಲೋಮೀಟರ್ ದೂರದಲ್ಲಿ ಅಡ್ಡಲಾಗಿ ಹಾರಿದಾಗ, 400 ಮಿ.ಮೀ. ಲೆನ್ಸಿನಲ್ಲಿ ಬಿಂಬ 5.28 ಮಿ.ಮೀ. ಇರುತ್ತದೆ, 600ರಲ್ಲಿ 7.92 ಮಿ.ಮೀ. ನಮ್ಮಂಥವರ ಬಳಿ ಇರುವ ಎಪಿಎಸ್-ಸಿ ಕ್ಯಾಮರಾದ ಸೆನ್ಸರಿನ ಅಗಲ ಸುಮಾರು 23.5 ಮಿ.ಮೀ. ಅಂದರೆ ಚೌಕಟ್ಟಿನ ನಾಲ್ಕನೆಯ ಒಂದು ಭಾಗಕ್ಕಿಂತ ತುಸು ಕಡಿಮೆ ಮತ್ತು ಮೂರನೆಯ ಒಂದು ಭಾಗ, ಇವೆರಡರ ನಡುವಣ ವ್ಯತ್ಯಾಸ. 24 ಮೆಗಾಪಿಕ್ಸೆಲ್ ಕ್ಯಾಮರಾದಲ್ಲಿ 400ರ ಚಿತ್ರದಲ್ಲಿಯೂ ವಿಮಾನವೊಂದೇ ಸುಮಾರು 1350 ಪಿಕ್ಸೆಲ್ ಉದ್ದ ಬರುತ್ತದೆ. ಸುತ್ತಲಿನ ಖಾಲಿ ಆಕಾಶವನ್ನು ಕತ್ತರಿಸಿ ಆರಂಗುಲದ ಪ್ರಿಂಟು ಹಾಕಿಸಿದರೆ ಯಾರೂ ಹೆಸರಿಡಲಾರರು.

ಹಾಗಾದರೆ 600 ಇದ್ದರೆ ತಪ್ಪೇನು? ಫೆಬ್ರವರಿಯ ನಡುಹಗಲು ರನ್‌ವೇಯನ್ನು ನೋಡಿದವರಿಗೆ ಉತ್ತರ ಗೊತ್ತು. ಕಾದ ನೆಲದ ಮೇಲಿನ ಬಿಸಿಗಾಳಿಯ ಪದರಗಳು ಬೆಳಕನ್ನು ಕ್ಷಣಕ್ಕೊಂದು ದಿಕ್ಕಿಗೆ ಬಾಗಿಸುತ್ತವೆ. ವಕ್ರೀಭವನ, ಬೇಸಿಗೆಯ ಡಾಂಬರು ರಸ್ತೆಯ ಮೇಲೆ ನೀರು ಕಂಡಂತಾಗುವುದಕ್ಕೆ ಇದೇ ಕಾರಣವೆಂದು ನೀವೆಲ್ಲ ಪರೀಕ್ಷೆಯಲ್ಲಿ ಬರೆದಿದ್ದೀರಿ. ಉದ್ದದ ಲೆನ್ಸು ವಿಮಾನದ ಜೊತೆಗೆ ಈ ನಡುಕವನ್ನೂ ದೊಡ್ಡದು ಮಾಡಿ ತೋರಿಸುತ್ತದೆ. ಲಕ್ಷ ಕೊಟ್ಟು ಕೊಂಡ ಗಾಜಿಗೂ ನಡುವಣ ಗಾಳಿಯನ್ನು ಸುಮ್ಮನಿರಿಸುವ ಶಕ್ತಿಯಿಲ್ಲ. ಬೆಳಗಿನ ಪ್ರದರ್ಶನಕ್ಕೆ ಹೋಗಿ, ವಿಮಾನ ನೆಲ ಬಿಟ್ಟು ಮೇಲೇರಿ ಹತ್ತಿರ ಬರುವವರೆಗೆ ಕಾಯುವುದೊಂದೇ ಇದಕ್ಕಿರುವ ಮದ್ದು.

ತೂಕದ ವಿಷಯ ಹೇಳದಿದ್ದರೆ ಅನ್ಯಾಯವಾದೀತು. ಸಿಗ್ಮಾ, ಟ್ಯಾಮ್ರಾನ್ ಕಂಪನಿಗಳ 150-600 ಲೆನ್ಸುಗಳು ಎರಡು ಕಿಲೋದ ಆಸುಪಾಸಿನಲ್ಲಿವೆ. ಕ್ಯಾನನ್‌ನ ಆರ್‌ಎಫ್ 100-400 ಕೇವಲ 635 ಗ್ರಾಂ. ಕ್ಯಾಮರಾ ಸೇರಿ ಮೂರು ಕಿಲೋವನ್ನು ತಲೆಯ ಮೇಲಕ್ಕೆತ್ತಿ, ವಿಮಾನದೊಡನೆ ಸೊಂಟ ತಿರುಗಿಸುತ್ತ ಅರ್ಧ ದಿನ ನಿಂತು ನೋಡಿ. ಕೈಯೆತ್ತಿ ಕಪ್ಪು ಹಲಗೆಯ ಮೇಲೆ ಬರೆದೇ ಇಡೀ ವೃತ್ತಿಜೀವನ ಕಳೆದ ನನ್ನ ಬಲಭುಜವೇ ಒಂದು ಗಂಟೆಗೆ ಶರಣಾಯಿತು; ದಿನವಿಡೀ ಕೀಲಿಮಣೆಯ ಮೇಲೆ ಬೆರಳಾಡಿಸುವ ನಿಮ್ಮ ಗತಿಯೇನು? ಜನಸಂದಣಿಯಲ್ಲಿ ಮುಕ್ಕಾಲಿ ಹೂಡಲು ಜಾಗವಿರುವುದಿಲ್ಲ. ಇದ್ದರೂ ತಲೆಯ ಮೇಲೆ ಹಾರುವುದನ್ನು ಹಿಂಬಾಲಿಸಲು ಅದು ಒದಗುವುದಿಲ್ಲ. ಆರ್‌ಎಫ್ ಲೆನ್ಸಿನ ದ್ಯುತಿರಂಧ್ರ ಉದ್ದದ ತುದಿಯಲ್ಲಿ ಎಫ್ 8, ಬೆಳಕು ಕಡಿಮೆ ಎಂದು ಮೂಗು ಮುರಿಯುವವರಿದ್ದಾರೆ. ಫೆಬ್ರವರಿಯ ಬಿಸಿಲಿಗೆ ಅದು ಧಾರಾಳವಾಗಿ ಸಾಕು.

ಷಟರ್ ವೇಗದ ಬಗ್ಗೆ ಎರಡೇ ಮಾತು. ಜೆಟ್ ವಿಮಾನಗಳಿಗೆ ಸೆಕೆಂಡಿನ ಸಾವಿರದ ಒಂದು ಭಾಗ ಅಥವಾ ಅದಕ್ಕಿಂತ ವೇಗ. ಸಾರಂಗ್ ತಂಡದ ಧ್ರುವ್ ಹೆಲಿಕಾಪ್ಟರುಗಳಿಗೆ ಅದೇ ವೇಗವಿಟ್ಟರೆ ರೆಕ್ಕೆಗಳು ನಿಂತುಹೋಗಿ, ಯಾರೋ ದಾರ ಕಟ್ಟಿ ನೇತುಹಾಕಿದ ಆಟಿಕೆಯಂತೆ ಕಾಣುತ್ತವೆ; ಅಲ್ಲಿ ನೂರಿಪ್ಪತ್ತೈದರಿಂದ ಇನ್ನೂರೈವತ್ತರ ಒಂದು ಭಾಗಕ್ಕೆ ಇಳಿಯಬೇಕು. ಅಷ್ಟು ನಿಧಾನಗತಿಯಲ್ಲಿ ಕೈ ನಡುಗದಿರಬೇಕಾದರೆ ಲೆನ್ಸು ಹಗುರವಾಗಿರಬೇಕು ಎಂಬುದನ್ನು ಮತ್ತೆ ನೆನಪಿಸುತ್ತೇನೆ.

ಇಷ್ಟೆಲ್ಲ ತಿಳಿದವನಂತೆ ಬರೆಯುತ್ತಿರುವ ನಾನು ಇದನ್ನು ಕಲಿತದ್ದು 2011ರ ಫೆಬ್ರವರಿಯಲ್ಲಿ. ಆಗ ಸಹೋದ್ಯೋಗಿಯೊಬ್ಬರ 150-500 ಲೆನ್ಸನ್ನು ಎರವಲು ಪಡೆದು, ಅಣ್ಣನನ್ನು ಕರೆದುಕೊಂಡು ಹೋಗಿದ್ದೆ. ನಿವೃತ್ತರಾಗಿದ್ದ ಅಣ್ಣನಿಗೆ ಒಂದೇ ಆಸೆ: ಸೂರ್ಯಕಿರಣ್ ತಂಡದ ಒಂಬತ್ತು ಕಿರಣ್‌ಗಳೂ ಒಟ್ಟಿಗಿರುವ ಒಂದು ಪಟ. "ಅದರಲ್ಲಿ ಒಂದಾದ್ರೂ ನನ್ನ ಕೈಯಾಡಿದ್ದು ಇರುತ್ತೆ ಕಣೋ, ಯಾವುದು ಅಂತ ಗೊತ್ತಾಗಲ್ಲ, ಅದಕ್ಕೇ ಒಂಬತ್ತೂ ಬೇಕು" ಎಂದಿದ್ದರು. ನಾನು ದೂರದ ವಿಮಾನವೊಂದನ್ನು 500ರಲ್ಲಿ ಹುಡುಕುತ್ತಿದ್ದಾಗ ಒಂಬತ್ತೂ ತಲೆಯ ಮೇಲೆ ಬಂದುಬಿಟ್ಟವು. ಗಡಿಬಿಡಿಯಿಂದ ಲೆನ್ಸನ್ನು 150ಕ್ಕೆ ತಿರುಗಿಸಿದೆ. ಅದಕ್ಕಿಂತ ಕೆಳಗೆ ಇಳಿಯಲು ಜಾಗವಿರಲಿಲ್ಲ. ಮನೆಗೆ ಬಂದು ಎಣಿಸಿದರೆ ಪಟದಲ್ಲಿ ಏಳೇ ವಿಮಾನ. "ಒಂಬತ್ತೂ ಬಂತೇನೋ?" ಎಂದು ಅಣ್ಣ ಕೇಳಿದಾಗ "ಮುಂದಿನ ಸಲ ತೆಗೆಯೋಣ ಬಿಡಣ್ಣ" ಎಂದೆ.

ಆ ಮುಂದಿನ ಸಲ ಬರಲಿಲ್ಲ. ವಾಯುಪಡೆಗೆ ತರಬೇತಿ ವಿಮಾನಗಳ ಕೊರತೆಯಿದ್ದುದರಿಂದ ಕಿರಣ್‌ಗಳನ್ನು ಆ ಕೆಲಸಕ್ಕೆ ಹಿಂದಕ್ಕೆ ಪಡೆದರು. 2011ರಲ್ಲಿಯೇ ತಂಡ ಸ್ಥಗಿತಗೊಂಡಿತು. 2015ರಲ್ಲಿ ಮತ್ತೆ ಹುಟ್ಟಿದಾಗ ವಿಮಾನ ಬೇರೆ, ಹಾಕ್. ಅಣ್ಣ 2018ರಲ್ಲಿ ತೀರಿಕೊಂಡರು. ಏಳು ವಿಮಾನಗಳ ಆ ಪಟ ಅತ್ತಿಗೆಯ ಮನೆಯ ಗೋಡೆಯ ಮೇಲಿದೆ.

ಬಹಳ ದಿನಗಳ ನಂತರ ಕೂತು ಲೆಕ್ಕ ಹಾಕಿದೆ. ರಚನೆ 70 ಮೀಟರ್ ಅಗಲವಿದ್ದು 400 ಮೀಟರ್ ದೂರದಲ್ಲಿ ಇತ್ತೆಂದು ಇಟ್ಟುಕೊಂಡರೆ, 150ರಲ್ಲಿ ಬಿಂಬ 26 ಮಿ.ಮೀ. ದಾಟುತ್ತದೆ, ಸೆನ್ಸರು ಇರುವುದೇ 23.5. ನೂರರಲ್ಲಾದರೆ 17.5, ಎಡಬಲಗಳಲ್ಲಿ ಆಕಾಶಕ್ಕೂ ಜಾಗವುಳಿಯುತ್ತದೆ. ಒಂದು ಹಾಳೆಯ ಮೇಲೆ ಎರಡು ನಿಮಿಷದ ಕೆಲಸ. ಮಕ್ಕಳಿಗೆ ಅದನ್ನೇ ಕಲಿಸುತ್ತಿದ್ದ ಮೇಷ್ಟರು ಹೊರಡುವ ಮೊದಲು ಮಾಡಿ ನೋಡಲಿಲ್ಲ.

ನನ್ನ ಅಭಿಪ್ರಾಯವನ್ನು ಒಪ್ಪದವರೂ ಇದ್ದಾರೆ. ಇನ್ನೊಬ್ಬ ಶಿಷ್ಯ 150-600ರಲ್ಲಿ ಸುಖೋಯ್ ಚಾಲಕನ ಶಿರಸ್ತ್ರಾಣ ಸ್ಪಷ್ಟವಾಗಿ ಕಾಣುವಂಥ ಚಿತ್ರ ತೆಗೆದು ಕಳುಹಿಸಿದ್ದಾನೆ, ನೋಡಿ ಸಂತೋಷಪಟ್ಟೆ. ಆದರೆ ಅವನ ಕೊರಳಲ್ಲಿ ಚಿಕ್ಕ ಲೆನ್ಸು ಹಾಕಿದ ಎರಡನೆಯ ಕ್ಯಾಮರಾ ಇರುತ್ತದೆ, ವಯಸ್ಸೂ ಮೂವತ್ತು ದಾಟಿಲ್ಲ. ಒಂದೇ ಕ್ಯಾಮರಾ, ಒಂದೇ ಲೆನ್ಸು ಎನ್ನುವವರಿಗೆ ನನ್ನ ಮತ 100-400ಕ್ಕೆ. ಹಣ ಸಾಲದಿದ್ದರೆ 70-300 ಸಾಕು, ಸಂಕೋಚ ಬೇಡ. ಹಳೆಯದನ್ನು ಕೊಳ್ಳುವುದಾದರೆ ಲೆನ್ಸಿನೊಳಗೆ ಟಾರ್ಚು ಬಿಟ್ಟು ಶಿಲೀಂಧ್ರವಿದೆಯೇ ನೋಡಿಕೊಳ್ಳಿ. ಕಂತಿನ ಸಾಲವಂತೂ ಬೇಡವೇ ಬೇಡ. ಎರಡು ವರ್ಷಕ್ಕೆ ಐದು ದಿನದ ಹಬ್ಬಕ್ಕಾಗಿ ಪ್ರತಿ ತಿಂಗಳೂ ತೆರುವುದು ಯಾವ ಲೆಕ್ಕ? ದಿನಬಾಡಿಗೆಗೆ ಲೆನ್ಸು ಕೊಡುವವರು ನಮ್ಮೂರಿನಲ್ಲಿಯೇ ಇದ್ದಾರೆ.

2025ರ ಫೆಬ್ರವರಿಯಲ್ಲಿ ನನ್ನದೇ 100-400 ಹಿಡಿದು ಹೋಗಿದ್ದೆ. ಒಂಬತ್ತು ಹಾಕ್‌ಗಳೂ ಒಂದೇ ಚೌಕಟ್ಟಿನಲ್ಲಿ ಬಂದವು. ಪ್ರಿಂಟು ಹಾಕಿಸಿ ಅತ್ತಿಗೆಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. "ಚೆನ್ನಾಗಿದೆ. ಆದರೆ ಇದು ಅವರ ವಿಮಾನ ಅಲ್ಲವಲ್ಲ" ಎಂದರು. ಹಾಕ್ ಕೂಡ ಪರವಾನಗಿಯಡಿ ಬೆಂಗಳೂರಿನ ಎಚ್.ಎ.ಎಲ್.ನಲ್ಲಿಯೇ ತಯಾರಾಗುತ್ತಿದ್ದ ವಿಮಾನ ಎಂದು ಹೇಳಬಹುದಿತ್ತು, ಹೇಳಲಿಲ್ಲ. ಗೋಡೆಯ ಮೇಲೆ ಈಗಲೂ ಏಳರ ಪಟವೇ ಇದೆ.

ಫೋನು ಮಾಡಿದ ಹುಡುಗನಿಗೆ ಕೊನೆಯದಾಗಿ ಒಂದು ಮಾತು. ಮೊದಲು ಒಂದು ದಿನದ ಮಟ್ಟಿಗೆ ಆ 150-600 ಅನ್ನು ಬಾಡಿಗೆಗೆ ತಂದು ನಮ್ಮ ಮನೆಯ ತಾರಸಿಗೆ ಬಾ. ಇಟ್ಟಮಡುವಿನ ಆಕಾಶದಲ್ಲಿ ಹದ್ದುಗಳಿಗೆ ಬರವಿಲ್ಲ. (ಯಲಹಂಕದಲ್ಲಿ ಅವು ವಿಮಾನಗಳಿಗೆ ಅಡ್ಡ ಬಾರದಿರಲೆಂದು ಪ್ರದರ್ಶನದ ದಿನಗಳಲ್ಲಿ ಮಾಂಸದಂಗಡಿಗಳನ್ನೇ ಮುಚ್ಚಿಸುತ್ತಾರೆ, 2023ರಲ್ಲಿ ಸುತ್ತಲಿನ 10 ಕಿಲೋಮೀಟರ್‌ವರೆಗೆ ಮುಚ್ಚಿಸಿದ್ದರು.) ಬಿಸಿಲೇರುತ್ತಿದ್ದಂತೆ ಅವು ಸುತ್ತು ಹಾಕುತ್ತ ಮೇಲೇರತೊಡಗುತ್ತವೆ. ನಿನ್ನದೊಂದು ಗಂಟೆ, ನನ್ನ 100-400ರದೊಂದು ಗಂಟೆ. ಭಾನುವಾರ ಒಂಬತ್ತಕ್ಕೆ ಬಂದರೆ ತಿಂಡಿ ನಮ್ಮಲ್ಲಿಯೇ.