ಡಯೋಡ್ ಬದುಕಿತು, ಚಿಪ್ ಸತ್ತಿತು

ಅಲ್ರೀ, ಯುಎಸ್‌ಬಿ ಪೋರ್ಟಿಗೆ ಕಾವಲಿಡೋ ಟಿವಿಎಸ್ ಡಯೋಡನ್ನ ಡೇಟಾಶೀಟಿನ ಮೊದಲ ಪುಟ ಅಷ್ಟೇ ನೋಡಿ ಆರಿಸೋ ಚಾಳಿ ಯಾವಾಗ ಬಿಡ್ತೀರಿ? ನೋಯ್ಡಾ, ಹೈದರಾಬಾದ್‌ಗಳಲ್ಲಿ ಬೋರ್ಡ್ ಡಿಸೈನ್ ಮಾಡೋ ನಮ್ಮ ಹುಡುಗರಿಗೇ ಕೇಳ್ತಿರೋದು.

ನಾನು ಧಾರವಾಡ ಬಿಟ್ಟು ಪುಣೆಗೆ ಬಂದು ಇಪ್ಪತ್ತಾರು ವರ್ಷ ಆಯ್ತು. ಒಂದು ಕಂಪನಿಗೆ ಹಾಜರಿ ಮಷೀನಿನ ಬೋರ್ಡ್ ಮಾಡಿಕೊಟ್ಟಿದ್ದೆ. ಖರೀದಿಯವರು ನಾನು ಬರೆದಿದ್ದ ಡಯೋಡ್ ತೆಗೆದು ಅಗ್ಗದ್ದು ಹಾಕಿದರು. "ಸರ್, ಅದೂ 8 ಕಿಲೋವೋಲ್ಟ್, ಇದೂ 8 ಕಿಲೋವೋಲ್ಟ್." ನಾನೂ ಸಹಿ ಹಾಕಿದೆ, ಸುಳ್ಳು ಯಾಕೆ ಹೇಳಲಿ. ಮಳೆಗಾಲದಲ್ಲಿ ಇಲ್ಲೇ ಪರೀಕ್ಷೆ ಆಯ್ತು, ಎಲ್ಲ ಸುಸೂತ್ರ.

ಜನವರಿ ಬಂತು ನೋಡಿ, ದಿಲ್ಲಿಯ ಒಣ ಚಳಿ! ಸ್ವೆಟರ್ ಹಾಕಿಕೊಂಡವರು ಪೆನ್‌ಡ್ರೈವ್ ಚುಚ್ಚಿದಾಗೆಲ್ಲ ಚಟ್ ಅಂತ ಕಿಡಿ. ಮಷೀನುಗಳು ಒಂದೊಂದಾಗಿ ವಾಪಸ್ ಬಂದವು. ಬಿಚ್ಚಿ ನೋಡಿದರೆ ಡಯೋಡ್ ಗುಂಡುಕಲ್ಲಿನ ಹಾಗಿದೆ... ಸತ್ತಿದ್ದು ಅದರ ಹಿಂದಿದ್ದ ಚಿಪ್.

ಐಇಸಿ 61000-4-2 ಪರೀಕ್ಷೆಯ ಆ 8 ಕಿಲೋವೋಲ್ಟ್ ಅನ್ನೋದು ಡಯೋಡ್ ತಾನು ಉಳಿಯುತ್ತೆ ಅನ್ನೋ ಮಾತು. ಚಿಪ್ ಉಳಿಯುತ್ತೆ ಅಂತ ಎಲ್ಲೂ ಬರೆದಿಲ್ಲ. ಆ ಹೊಡೆತದಲ್ಲಿ ಕರೆಂಟು ಸುಮಾರು ಒಂದು ನ್ಯಾನೊಸೆಕೆಂಡಿನಲ್ಲಿ 30 ಆಂಪಿಯರ್‌ಗೆ ಏರುತ್ತೆ. ಆಗ ಡಯೋಡ್ ಲೈನನ್ನ 10 ವೋಲ್ಟಿಗೆ ಹಿಡಿದು ನಿಲ್ಲಿಸುತ್ತೋ, 40ಕ್ಕೆ ಬಿಟ್ಟುಬಿಡುತ್ತೋ? ಅದೇ ಕ್ಲ್ಯಾಂಪಿಂಗ್ ವೋಲ್ಟೇಜ್. ಒಳಪುಟದ ಟಿಎಲ್‌ಪಿ ಗ್ರಾಫಿನಲ್ಲಿ ಸಿಗುತ್ತೆ. ಗ್ರಾಫೇ ಇಲ್ಲದ ಡಯೋಡ್ ನನಗಂತೂ ಬೇಡ.

"ಪಾಲಿಫ್ಯೂಸ್ ಇದೆಯಲ್ಲ ಸರ್" ಅನ್ನೋರಿದ್ದಾರೆ. ಅದು ಬಿಸಿಯಾಗಿ ತಡೆಯೋಕೆ ಮಿಲಿಸೆಕೆಂಡುಗಳಾದರೂ ಬೇಕು, ಅಷ್ಟರಲ್ಲಿ ಕಿಡಿ ಬಂದು, ಮನೆ ದೋಚಿಕೊಂಡು ಹೋಗಿರುತ್ತೆ. ಶಾರ್ಟ್ ಸರ್ಕ್ಯೂಟಿಗೆ ಅದು ಸರಿ, ಸ್ಟ್ಯಾಟಿಕ್‌ಗೆ ಅಲ್ಲ. ಹಾಗಂತ ಕೈಗೆ ಸಿಕ್ಕ ದಪ್ಪ ಡಯೋಡ್ ಹಾಕಿದರೂ ಕೆಟ್ಟಿತು. 480 ಮೆಗಾಬಿಟ್‌ನ ಯುಎಸ್‌ಬಿ 2ಕ್ಕೆ ಒಂದೆರಡು ಪಿಕೋಫ್ಯಾರಡ್ ನಡೆಯುತ್ತೆ, 5 ಗಿಗಾಬಿಟ್‌ಗೆ ಅರ್ಧಕ್ಕಿಂತ ಕಡಿಮೆ ಇರಬೇಕು, ಇಲ್ಲಾಂದ್ರೆ ಸಿಗ್ನಲ್ಲೇ ಹಾಳು.

ಇನ್ನು ಡಯೋಡನ್ನ ಚಿಪ್ಪಿನ ಪಕ್ಕ ಕೂರಿಸೋ ಪುಣ್ಯಾತ್ಮರು! ಕಾವಲುಗಾರ ಬಾಗಿಲಲ್ಲಿ ನಿಲ್ಲಬೇಕೋ, ದೇವರಮನೆಯಲ್ಲೋ? ಕನೆಕ್ಟರ್ ಪಕ್ಕದಲ್ಲೇ ಇಡಿ, ಗ್ರೌಂಡಿಗೆ ಹೋಗೋ ದಾರಿ ಗಿಡ್ಡ ಇರಲಿ. ಆ ದಾರಿಯ ಒಂದೊಂದು ಮಿಲಿಮೀಟರಿಗೂ ಸುಮಾರು ಒಂದು ನ್ಯಾನೊಹೆನ್ರಿ, ಅಂದರೆ ಈ ಹೊಡೆತದಲ್ಲಿ ಹತ್ತಿರ ಹತ್ತಿರ 30 ವೋಲ್ಟ್ ಹೆಚ್ಚುವರಿ.

ಇಷ್ಟೆಲ್ಲ ಮಾಡಿ ಉಳಿಸಿದ್ದು ಬೋರ್ಡಿಗೆ ಒಂದು ರೂಪಾಯಿಗೂ ಕಡಿಮೆ. ದಿಲ್ಲಿಯಿಂದ ಬಂದ ಕೊರಿಯರ್ ಬಿಲ್ ಇನ್ನೂ ನನ್ನ ಮೇಜಿನ ಮೇಲಿದೆ. ಈ ವಾರ ಮತ್ತೊಂದು ಬದಲಿ ಪಟ್ಟಿ ಸಹಿಗೆ ಬಂದಿತ್ತು. ಕ್ಲ್ಯಾಂಪಿಂಗ್ ವೋಲ್ಟೇಜ್ ಬರೆದುಕೊಂಡು ಬನ್ನಿ ಅಂತ ವಾಪಸ್ ಕಳಿಸಿದ್ದೀನಿ.